ಹಗಲು ವೆಲ್ಡಿಂಗ್, ರಾತ್ರಿ ಉರಿ

ಯುಗಾದಿ ಮುಗಿದು ಮುಂಗಾರಿನ ತಯಾರಿ ಶುರುವಾಯಿತೆಂದರೆ ಹಾವೇರಿ ಸೀಮೆಯ ಹಳ್ಳಿಗಳಲ್ಲಿ ಕಬ್ಬಿಣದ ಕೆಲಸಕ್ಕೆ ಬಿಡುವಿಲ್ಲ. ಕುಂಟೆಯ ಕುಡ ಸವೆದಿರುತ್ತದೆ, ಕೂರಿಗೆಯ ತಾಳು ಅಲುಗುತ್ತಿರುತ್ತದೆ, ಟ್ರೇಲರ್ ಬಾಗಿಲಿನ ಕೀಲು ಕಿತ್ತಿರುತ್ತದೆ. ಹಿಂದೆ ಇಂಥವೆಲ್ಲ ಊರ ಕುಲುಮೆಗೆ ಹೋಗುತ್ತಿದ್ದವು. ಆಮೇಲೆ ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರಿನ ಹೆದ್ದಾರಿ ಬದಿಯ ವೆಲ್ಡಿಂಗ್ ಅಂಗಡಿಗಳ ಮುಂದೆ ಸರದಿ ಕಾಯುವುದು ರೂಢಿಯಾಯಿತು. ಈಗ ಇನ್ವರ್ಟರ್ ಮಷೀನು ಒಂದೇ ಕೈಯಲ್ಲಿ ಎತ್ತಿ ಒಯ್ಯುವಷ್ಟು ಹಗುರಾಗಿದೆ, ಮನೆಯ ಸಿಂಗಲ್ ಫೇಸ್ ಕರೆಂಟಿನಲ್ಲೇ ಓಡುತ್ತದೆ. ರೈತರು ತಾವೇ ಕೊಂಡು, ಮೊಬೈಲಿನಲ್ಲಿ ವಿಡಿಯೊ ನೋಡಿ, ಹಿತ್ತಲಲ್ಲೇ ರಾಡ್ ಹಿಡಿಯುತ್ತಿದ್ದಾರೆ.

ಇದು ಒಳ್ಳೆಯ ಬೆಳವಣಿಗೆ. ಬಿತ್ತನೆಯ ಹದ ಎರಡು ದಿನ ತಪ್ಪಿದರೆ ಆಗುವ ನಷ್ಟ ರೈತನಿಗೇ ಗೊತ್ತು. ಆದರೆ ಐಟಿಐಗಳಲ್ಲಿ ವೆಲ್ಡರ್ ಆಗಲು ಒಂದು ವರ್ಷ ಕಲಿಯುತ್ತಾರೆ, ಅಲ್ಲಿ ರಾಡ್ ಹೊತ್ತಿಸುವ ಮೊದಲೇ ಸುರಕ್ಷತೆಯ ಪಾಠ ನಡೆಯುತ್ತದೆ. ಹಿತ್ತಲಲ್ಲಿ ಕಲಿತವರಿಗೆ ಆ ಪಾಠ ಹೇಳಿದವರಿಲ್ಲ.

ಬ್ಯಾಡಗಿ ಪೇಟೆಯಲ್ಲಿ ಓಡಾಡಿದವರಿಗೆಲ್ಲ ಮೆಣಸಿನಕಾಯಿಯ ಘಾಟು ಗೊತ್ತು. ಅದು ಮೂಗಿಗೆ ಬಡಿದ ಕೂಡಲೇ ಸೀನು, ಕೆಮ್ಮು, ಕಣ್ಣೀರು. ಮನುಷ್ಯ ತಾನಾಗಿ ದೂರ ಸರಿಯುತ್ತಾನೆ. ವೆಲ್ಡಿಂಗಿನ ಬೆಳಕಿಗೂ ಹೊಗೆಗೂ ಇಂಥ ಘಾಟಿಲ್ಲ. ಕೆಲಸ ಮಾಡುವಾಗ ಏನೂ ಅನ್ನಿಸುವುದಿಲ್ಲ. ಅದಕ್ಕೇ ಹೊಸಬರು ಮೋಸಹೋಗುತ್ತಾರೆ.

ಮೊದಲ ಪೆಟ್ಟು ಕಣ್ಣಿಗೆ. ಆರ್ಕ್‌ನಿಂದ ಹೊಮ್ಮುವ ನೇರಳಾತೀತ ಕಿರಣ ಕಣ್ಣಿನ ಮುಂಪರೆಯನ್ನು, ಅಂದರೆ ಕಾರ್ನಿಯಾವನ್ನು ಸುಡುತ್ತದೆ. ಉರಿ ಶುರುವಾಗುವುದು ಸಾಮಾನ್ಯವಾಗಿ ಆರರಿಂದ ಹನ್ನೆರಡು ತಾಸಿನ ಮೇಲೆ. ಸಂಜೆ ಕೆಲಸ ಮಾಡಿದವರು ನಡುರಾತ್ರಿ ಎದ್ದು ಕೂರುತ್ತಾರೆ: ಕಣ್ಣಲ್ಲಿ ಉಸುಕು ತುಂಬಿದ ಹಾಗೆ, ದೀಪ ನೋಡಲಾಗದು, ನೀರು ನಿಲ್ಲದು. ಆಗ ನಡೆಯುವ ಮನೆಮದ್ದು ಒಂದೆರಡಲ್ಲ. ಆಲೂಗಡ್ಡೆ ಹೋಳು ಇಡುವವರು, ಹರಳೆಣ್ಣೆ ಬಿಡುವವರು, ಎದೆಹಾಲು ಹಾಕಿಸಿಕೊಳ್ಳುವವರು ಇದ್ದಾರೆ. ಸುಟ್ಟ ಕಾರ್ನಿಯಾಕ್ಕೆ ಸೋಂಕು ಬೇಗ ತಗಲುತ್ತದೆ, ಆದ್ದರಿಂದ ಹೊರಗಿನದೇನನ್ನೂ ಕಣ್ಣಿಗೆ ಬಿಡಬಾರದು. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಡ್ರಾಪ್ಸ್ ಇನ್ನೂ ಅಪಾಯಕಾರಿ. ನೋವು ಮರಗಟ್ಟಿಸುವ ಹನಿಗಳು ಗಾಯ ಮಾಯಲು ಬಿಡುವುದಿಲ್ಲ, ಸ್ಟೆರಾಯ್ಡ್ ಇರುವ ಹನಿಗಳು ಸೋಂಕು ಹೆಚ್ಚಿಸಬಲ್ಲವು. ಕಣ್ಣು ಉಜ್ಜದೆ, ತಣ್ಣೀರು ಬಟ್ಟೆಯನ್ನು ಮುಚ್ಚಿದ ರೆಪ್ಪೆಯ ಮೇಲಿಟ್ಟು, ಬೆಳಗಾದ ಕೂಡಲೇ ಕಣ್ಣಿನ ವೈದ್ಯರಲ್ಲಿಗೆ ಹೋಗುವುದೇ ಸರಿ. ಬಹುಪಾಲು ಸಲ ಒಂದೆರಡು ದಿನದಲ್ಲಿ ವಾಸಿಯಾಗುತ್ತದೆ.

ಬಿಸಿಲಿಗೆ ಹಾಕುವ ಕೂಲಿಂಗ್ ಗ್ಲಾಸ್ ಇದಕ್ಕೆ ಏನೇನೂ ಸಾಲದು. ಗ್ಯಾಸ್ ವೆಲ್ಡಿಂಗಿನವರ ಕನ್ನಡಕವೂ ಆರ್ಕಿಗೆ ಸಾಲದು. ಅದರ ಗಾಜು ನಾಲ್ಕರಿಂದ ಆರು ನಂಬರಿನದು. ಹಿತ್ತಲಿನ ಕೆಲಸಕ್ಕೆ ಬಳಸುವ 60ರಿಂದ 160 ಆಂಪಿಯರ್‌ಗೆ 10 ಅಥವಾ 11 ನಂಬರಿನ ಕಪ್ಪು ಗಾಜು ಬೇಕು. ಮಷೀನಿನ ಜೊತೆ ಬರುವ ಕೈಪರದೆಯ ದೊಡ್ಡ ತೊಂದರೆಯೆಂದರೆ ಒಂದು ಕೈ ಅದಕ್ಕೇ ಮೀಸಲು. ಕಬ್ಬಿಣ ಹಿಡಿಯಲು ಕೈ ಬೇಕಾದಾಗ ಪರದೆ ನೆಲಕ್ಕೆ, ಕಣ್ಣು ಅರ್ಧ ಮುಚ್ಚಿ ಟ್ಯಾಕ್, ಅಂದರೆ ಚುಕ್ಕಿ ಬೆಸುಗೆ ಹೊಡೆಯುವುದು. ಕಣ್ಣಿಗೆ ಪೆಟ್ಟು ಬೀಳುವುದು ಇಂಥ ಕ್ಷಣದ ಟ್ಯಾಕ್‌ಗಳಲ್ಲೇ. ತಲೆಗೆ ಹಾಕುವ ಹೆಲ್ಮೆಟ್, ಅದರಲ್ಲೂ ಕಿಡಿ ಹೊತ್ತಿದ ಕೂಡಲೇ ತಾನಾಗಿ ಕಪ್ಪಾಗುವ ಗಾಜಿನದು, ಹೊಸಬರಿಗೇ ಹೆಚ್ಚು ಬೇಕು. ಮಷೀನಿಗೆ ಸಾವಿರಾರು ರೂಪಾಯಿ ಹಾಕಿದವರು ಇದರಲ್ಲಿ ಉಳಿತಾಯ ನೋಡಬಾರದು. ನೋಡಲು ನಿಂತ ಮಕ್ಕಳನ್ನು ಮೊದಲು ದೂರ ಕಳಿಸಬೇಕು. ತಗಡಿನ ಗೋಡೆಗೆ ಬಡಿದು ತಿರುಗುವ ಬೆಳಕೂ ಕಣ್ಣು ಸುಡುತ್ತದೆ.

ಬಟ್ಟೆಯ ಮಾತು. ಇದು ಹತ್ತಿ ಬೆಳೆಯುವ ನೆಲ, ಆದರೂ ನಮ್ಮ ಮೈಮೇಲಿರುವುದು ಹೆಚ್ಚಾಗಿ ಪಾಲಿಸ್ಟರ್. ಕಿಡಿ ಬಿದ್ದರೆ ಪಾಲಿಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ, ಕಿತ್ತರೆ ಚರ್ಮವೂ ಬರುತ್ತದೆ. ದಪ್ಪ ಹತ್ತಿಯ ತುಂಬುತೋಳಿನ ಅಂಗಿ, ಕುತ್ತಿಗೆಯವರೆಗೆ ಗುಂಡಿ, ಮಡಚದ ಪ್ಯಾಂಟು, ಪ್ಯಾಂಟಿನೊಳಗೆ ಸೇರಿಕೊಂಡ ಚರ್ಮದ ಬೂಟು: ಇಷ್ಟು ಸಾಕು. ಮಡಚಿದ ಅಂಚಿಗೂ ತೆರೆದ ಜೇಬಿಗೂ ಕಿಡಿ ಬಿದ್ದು ಕೂರುತ್ತದೆ. ಜೇಬಲ್ಲಿ ಲೈಟರ್ ಇದ್ದರಂತೂ ಕೇಳುವುದೇ ಬೇಡ. ಲುಂಗಿ, ಬನಿಯನ್, ಹವಾಯಿ ಚಪ್ಪಲಿಯಲ್ಲಿ ರಾಡ್ ಹಿಡಿಯಲೇಬಾರದು. ಕೈಗೆ ಮೊಣಕೈ ಹತ್ತಿರದವರೆಗೆ ಬರುವ ಚರ್ಮದ ಗ್ಲೌಸು ಬೇಕು. ಚೈತ್ರ ವೈಶಾಖದ ಬಿಸಿಲಲ್ಲಿ ಇದೆಲ್ಲ ಧರಿಸುವುದು ಕಷ್ಟವೆಂಬುದು ನಿಜ. ಅದಕ್ಕೆ ದಾರಿ ಬೆಳಗಿನ ತಂಪಿನಲ್ಲಿ ಕೆಲಸ ಮುಗಿಸುವುದು. ಬೆವರಿನಿಂದ ನೆಂದ ಕೈ, ನೆಂದ ಗ್ಲೌಸಿನಲ್ಲಿ ಶಾಕ್ ಹೊಡೆಯುವ ಅಪಾಯವೂ ಹೆಚ್ಚು. ನೀರಿಕ್ಕಿದ ನೆಲದ ಮೇಲೆ ನಿಲ್ಲದೆ ಒಣ ಹಲಗೆ ಹಾಕಿಕೊಳ್ಳಿ. ಕಂಬದ ತಂತಿಗೆ ಕೊಕ್ಕೆ ಹಾಕಿ ವೆಲ್ಡಿಂಗ್ ಮಾಡುವುದು ಜೀವದ ಜೊತೆಗಿನ ಚೆಲ್ಲಾಟ; ಅರ್ಥಿಂಗ್ ಇರುವ ಲೈನಿಗೆ ಕರೆಂಟು ಸೋರಿದರೆ ಲೈನು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಹಾಕಿಸಿಕೊಳ್ಳಿ.

ಹೊಗೆಯೂ ರಾತ್ರಿಯೇ ಕಾಡುತ್ತದೆ. ದನದ ಕೊಟ್ಟಿಗೆಗೆ ಬಳಸುವ ಜಿಐ ಪೈಪು, ತಗಡುಗಳ ಮೇಲೆ ಸತುವಿನ ಲೇಪವಿರುತ್ತದೆ. ಅದನ್ನು ಸುಟ್ಟಾಗ ಏಳುವ ಬಿಳಿ ಹೊಗೆ ಎದೆಗೆ ಹೋದರೆ ಕೆಲವು ತಾಸಿನ ಮೇಲೆ ಚಳಿ, ಜ್ವರ, ಮೈಕೈ ನೋವು. ಒಂದೆರಡು ದಿನದಲ್ಲಿ ಇಳಿಯುವುದರಿಂದ ಹವಾಮಾನದ ಜ್ವರವೆಂದುಕೊಳ್ಳುವವರಿದ್ದಾರೆ. ಹಾಲು ಕುಡಿದರೆ ಹೊಗೆಯ ವಿಷ ಇಳಿಯುತ್ತದೆಂಬ ನಂಬಿಕೆ ವೆಲ್ಡಿಂಗ್ ಅಂಗಡಿಗಳಲ್ಲಿ ಗಟ್ಟಿಯಾಗಿದೆ. ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋಗಿದ್ದು ಎದೆಗೆ. ಬೆಸೆಯುವ ಜಾಗದ ಲೇಪವನ್ನು ಮಾಸ್ಕ್ ಹಾಕಿಕೊಂಡು ಉಜ್ಜಿ ತೆಗೆಯಿರಿ, ಬಯಲಲ್ಲಿ ಕೂತು ಗಾಳಿ ಪಕ್ಕದಿಂದ ಬರುವಂತೆ ನೋಡಿಕೊಳ್ಳಿ, ಮುಖವನ್ನು ಹೊಗೆಯ ಮೇಲೆ ಬಗ್ಗಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರು ವೆಲ್ಡಿಂಗ್ ಹೊಗೆಯನ್ನು 2017ರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದರು.

ಬೆಂಕಿಯ ವಿಷಯದಲ್ಲಿ ನಮ್ಮ ಸೀಮೆಯ ಹಿತ್ತಲು ವಿಶೇಷವಾಗಿ ಅಪಾಯದ ಜಾಗ. ಒಂದು ಕಡೆ ಬಣವೆ, ಇನ್ನೊಂದು ಕಡೆ ಗೋವಿನಜೋಳದ ದಂಟು. ಬ್ಯಾಡಗಿ ಕಡೆಯಾದರೆ ಮೆಣಸಿನಕಾಯಿ ತುಂಬುವ ಗೋಣಿಚೀಲಗಳ ರಾಶಿ. ಕಿಡಿ 35 ಅಡಿಯವರೆಗೂ ಹಾರಬಲ್ಲದು. ಗೋಣಿಯೊಳಗೆ ಸೇರಿದ ಕಿಡಿ ಹೊಗೆಯಾಡುತ್ತ ಕೂತು ಎಲ್ಲರೂ ಊಟಕ್ಕೆ ಹೋದ ಮೇಲೆ ಹೊತ್ತಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಒಂದು ತಾಸು ಅಲ್ಲೇ ಇದ್ದು ಕಣ್ಣಾಡಿಸಬೇಕು, ಪಕ್ಕದಲ್ಲಿ ನೀರು, ಉಸುಕಿನ ಬಕೆಟ್ ಇರಬೇಕು.

ಖಾಲಿ ಡೀಸೆಲ್ ಬ್ಯಾರಲ್ಲು, ಟ್ರ್ಯಾಕ್ಟರಿನ ತೂತಾದ ಟ್ಯಾಂಕು, ಔಷಧಿಯ ಡ್ರಮ್ಮು: ಇವುಗಳಿಗೆ ಮನೆಯಲ್ಲಿ ವೆಲ್ಡಿಂಗ್ ಬೇಡವೇ ಬೇಡ. ಒಳಗೆ ಉಳಿದ ಆವಿ ಬಾಂಬಿನಂತೆ ಸಿಡಿಯುತ್ತದೆ, ತೊಳೆದಿದ್ದೇನೆ ಎಂಬ ಧೈರ್ಯ ಕೆಲಸಕ್ಕೆ ಬಾರದು. ಟ್ರ್ಯಾಕ್ಟರಿನ ಮೇಲೆಯೇ ಏನಾದರೂ ಬೆಸೆಯುವುದಿದ್ದರೆ ಮೊದಲು ಬ್ಯಾಟರಿಯ ವಯರು ಬಿಚ್ಚಿ. ಗ್ರೈಂಡರಿನ ಗಾರ್ಡ್ ಕಿತ್ತು ಬಳಸುವ ಚಾಳಿಯನ್ನೂ ಬಿಡಬೇಕು. ನಾಲ್ಕಿಂಚಿನ ಡಿಸ್ಕ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ, ಒಡೆದ ಚೂರು ಮುಖಕ್ಕೆ ಬಂದರೆ ತಪ್ಪಿಸಿಕೊಳ್ಳಲು ಸಮಯವಿರುವುದಿಲ್ಲ.

ಮಷೀನು ಮಾರುವ ಅಂಗಡಿಯವರಲ್ಲಿ ಒಂದು ಕೋರಿಕೆ: ಹೆಲ್ಮೆಟ್ಟು, ಚರ್ಮದ ಗ್ಲೌಸು ತೋರಿಸದೆ ಮಷೀನು ಕಟ್ಟಿಕೊಡಬೇಡಿ. ಮನೆಯಲ್ಲಿ ಮಷೀನು ಇಟ್ಟುಕೊಂಡವರು ಮುಂದಿನ ಸಲ ರಾಡಿನ ಪಾಕೀಟು ತರಲು ಪೇಟೆಗೆ ಹೋದಾಗ 11 ನಂಬರಿನ ಗಾಜು, ಗ್ಲೌಸು ತನ್ನಿ; ಅವು ಬರುವ ಮೊದಲು ಕೆಲಸ ಶುರುಮಾಡಬೇಡಿ.