ದೃಷ್ಟಿ ಅಲ್ಲ, ಅಮೋನಿಯಾ!

ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ಸಿಕ್ಕ ಅಜ್ಜಿಯ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ‘ಸೊಸಿಗೆ ಎರಡು ಕೂಸು ಹಿಂಗ ಹೋದುವ್ರೀ. ಹುಟ್ಟಿದಾಗ ಚಲೋನ ಇದ್ದು. ಮೂರನೇ ದಿನಕ್ಕ ಹಾಲು ಬಿಟ್ಟು, ಕಣ್ಣ ತೆರೀಲಿಲ್ಲ. ದೃಷ್ಟಿ ಆಗೇತಿ ಅಂದ್ರು.’ ಸೊಸೆ ಯಾರ ಮಗಳು ಅಂತ ಕೇಳಿದೆ. ‘ನನ್ನ ಮಗಳ ಮಗಳ್ರೀ’ ಅಂದ್ರು.

ಆ ಕೂಸುಗಳಿಗೆ ಏನಾಗಿತ್ತೋ, ಯಾರೂ ಪರೀಕ್ಷೆ ಮಾಡಿಸಿರಲಿಲ್ಲ. ಆದರೆ ವೀಕ್ಷಕರೇ, ಇಂಥ ಕಡೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ರಕ್ತದಲ್ಲಿ ಅಮೋನಿಯಾ ಎಷ್ಟಿದೆ?

ಹಾಲಿನ ಪ್ರೋಟೀನ್ ದೇಹದಲ್ಲಿ ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಲಿವರ್ ಅದನ್ನು ಯೂರಿಯಾ ಮಾಡಿ ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಕೆಲವು ಕೂಸುಗಳಲ್ಲಿ ಆ ಕೆಲಸದ ಕಿಣ್ವವೇ ಸರಿಯಿರುವುದಿಲ್ಲ. ಹೊಟ್ಟೆಯಲ್ಲಿದ್ದಾಗ ತಾಯಿಯ ದೇಹ ಕಾಪಾಡಿರುತ್ತದೆ. ಹುಟ್ಟಿ ಹಾಲು ಕುಡಿದ ಮೇಲೆ ಅಮೋನಿಯಾ ಏರಿ ಮೆದುಳು ಊದಿಕೊಳ್ಳುತ್ತದೆ. ನೋಡಲು ಥೇಟ್ ನಂಜಿನ ಹಾಗೇ! ಅಲ್ಲೇ ಎಡವೋದು.

ನವಜಾತ ಶಿಶುವಿನಲ್ಲಿ ಈ ಪ್ರಮಾಣ ಲೀಟರಿಗೆ ಸುಮಾರು 100 ಮೈಕ್ರೋಮೋಲ್ ಒಳಗಿರಬೇಕು. 150 ದಾಟಿದರೆ ಎಚ್ಚರ. 500 ಆದರೆ ಸಾಮಾನ್ಯವಾಗಿ ಡಯಾಲಿಸಿಸ್ ಬೇಕು. ರಕ್ತವನ್ನು ಐಸ್ ಮೇಲಿಟ್ಟು ತಕ್ಷಣ ಲ್ಯಾಬಿಗೆ ಒಯ್ಯಬೇಕು, ತಡವಾದರೆ ಲೆಕ್ಕವೇ ತಪ್ಪುತ್ತದೆ.

ಚಿಕಿತ್ಸೆ ಇದೆ. ವೈದ್ಯರು ಸ್ವಲ್ಪ ಹೊತ್ತು ಪ್ರೋಟೀನ್ ನಿಲ್ಲಿಸಿ, ಗ್ಲುಕೋಸ್ ಡ್ರಿಪ್ ಹಚ್ಚುತ್ತಾರೆ. ಅಮೋನಿಯಾ ಹೊರಹಾಕಲು ಸೋಡಿಯಂ ಬೆಂಜೋಯೇಟ್, ಜೊತೆಗೆ ಆರ್ಜಿನಿನ್ ಕೊಡುತ್ತಾರೆ. ನೆನಪಿಡಿ, ಮನೆಯಲ್ಲಿ ನೀವೇ ಹಾಲು ನಿಲ್ಲಿಸಬೇಡಿ, ಆಸ್ಪತ್ರೆಗೆ ಓಡಿ.

ಬೈಲಹೊಂಗಲ, ಕಿತ್ತೂರು, ಸವದತ್ತಿಯವರಿಗೆ ಬೆಳಗಾವಿಯೋ ಧಾರವಾಡ-ಹುಬ್ಬಳ್ಳಿಯೋ ಹತ್ತಿರ. ರಾಮದುರ್ಗದಿಂದ ಬೆಳಗಾವಿಗೆ ಸುಮಾರು ನೂರು ಕಿಲೋಮೀಟರ್. ಹೊರಡುವ ಮೊದಲೇ ತಾಲೂಕು ಆಸ್ಪತ್ರೆಯಲ್ಲಿ ಗ್ಲುಕೋಸ್ ಹಚ್ಚಿಸಿ, ಮುಂದಿನ ಆಸ್ಪತ್ರೆಗೆ ಫೋನ್ ಮಾಡಿಸಿ. ಅಮೋನಿಯಾ ಹೆಚ್ಚಿದ್ದಷ್ಟು ಹೊತ್ತೂ ಮೆದುಳಿಗೆ ಪೆಟ್ಟು.

ಸೋದರಮಾವನಿಗೆ, ಅತ್ತೆ ಮಗನಿಗೆ ಹೆಣ್ಣು ಕೊಡೋದು ನಮ್ಮ ಕಡೆ ರೂಢಿ. ಈ ರೋಗಗಳಲ್ಲಿ ಹೆಚ್ಚಿನವು ತಂದೆ-ತಾಯಿ ಇಬ್ಬರಲ್ಲೂ ಒಂದೇ ದೋಷದ ಜೀನ್ ಇದ್ದಾಗ ಬರುತ್ತವೆ. ರಕ್ತಸಂಬಂಧದಲ್ಲಿ ಆ ಸಾಧ್ಯತೆ ಜಾಸ್ತಿ. ಆಗ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಇದರಲ್ಲಿ ಸೊಸೆಯ ತಪ್ಪೇನೂ ಇಲ್ಲ.

ಮನೆಯಲ್ಲಿ ಮೊದಲೇ ಹೀಗೆ ಕೂಸು ಹೋಗಿದ್ದರೆ ಹೆರಿಗೆಗೆ ಮುಂಚೆಯೇ ಡಾಕ್ಟರಿಗೆ ಹೇಳಿ. ಮುಚ್ಚಿಡಬೇಡಿ. ಆ ಒಂದು ಮಾತು ಮುಂದಿನ ಕೂಸನ್ನು ಉಳಿಸಬಹುದು.