ಸೂಚಿ ವಹಿಯೇ ಕೈಗೆ ಸಿಗದಿದ್ದರೆ...

ನಾನು ಸೇವೆಯಲ್ಲಿದ್ದಾಗ ಕಚೇರಿಯೊಂದರ ದಾಖಲೆ ಕೊಠಡಿಯಲ್ಲಿ ನಡೆದ ಸಂಗತಿ ಇದು. ರೈತರೊಬ್ಬರಿಗೆ ಹಳೆಯ ಜಮೀನಿನ ಕಡತ ತುರ್ತಾಗಿ ಬೇಕಾಗಿತ್ತು. ಕಡತವೇನೋ ಭದ್ರವಾಗಿಯೇ ಇತ್ತು. ಆದರೆ ಅದು ಯಾವ ಕಪಾಟಿನಲ್ಲಿದೆ ಎಂದು ತಿಳಿಸುವ ಸೂಚಿ ವಹಿ ಬೀರುವಿನಲ್ಲಿತ್ತು. ಬೀರುವಿನ ಕೀಲಿ ರಜೆಯ ಮೇಲೆ ಊರಿಗೆ ತೆರಳಿದ್ದ ಗುಮಾಸ್ತರ ಬಳಿ ಇತ್ತು! ಸಾವಿರಾರು ಕಡತಗಳಿದ್ದೂ ಆ ರೈತ ಬರಿಗೈಯಲ್ಲಿ ಮರಳಬೇಕಾಯಿತು.

2025ರ ಅಕ್ಟೋಬರ್ 20ರಂದು ಅಮೆರಿಕದ ವರ್ಜೀನಿಯಾದಲ್ಲಿರುವ ಅಮೆಜಾನ್ ಕಂಪನಿಯ ದತ್ತಾಂಶ ಕೇಂದ್ರಗಳಲ್ಲಿ ಆದದ್ದೂ ಬಹುಮಟ್ಟಿಗೆ ಇದೇ. ನಾವು ಬಳಸುವ ಹೆಸರನ್ನು ಯಂತ್ರಗಳ ಅಂಕಿ ವಿಳಾಸಕ್ಕೆ ಬದಲಿಸಿಕೊಡುವ ಡಿಎನ್‌ಎಸ್ ವ್ಯವಸ್ಥೆಯನ್ನು ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ರೂಪಿಸಿದರು. ಅದೇ ಅಂತರ್ಜಾಲದ ಸೂಚಿ ವಹಿ. ಅಂದು ಅಮೆಜಾನಿನ ಡೈನಮೋಡಿಬಿ ಎಂಬ ದತ್ತಾಂಶ ಸೇವೆಯ ವಿಳಾಸದ ನಮೂದು ಖಾಲಿಯಾಗಿಬಿಟ್ಟಿತು. ನಮೂದನ್ನು ನವೀಕರಿಸುವ ಸ್ವಯಂಚಾಲಿತ ತಂತ್ರಾಂಶಗಳಲ್ಲಿ ಒಂದು ತಡವಾಗಿ ಬಂದು ಹಳೆಯ ಪಟ್ಟಿಯನ್ನು ಬರೆಯಿತು. ಇನ್ನೊಂದು, ಹಳೆಯದೆಂದು ಅದನ್ನೇ ಅಳಿಸಿತು. ಕೊನೆಗೆ ಮನುಷ್ಯರೇ ಕೈಹಾಕಿ ಸರಿಪಡಿಸಬೇಕಾಯಿತು.

2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್‌ಗಳು ಸುಮಾರು ಆರು ತಾಸು ಸ್ತಬ್ಧವಾದದ್ದು ಓದುಗರಿಗೆ ನೆನಪಿರಬಹುದು. ದುರಸ್ತಿಯ ವೇಳೆ ನೀಡಿದ ತಪ್ಪು ಆದೇಶದಿಂದ ಒಳಜಾಲ ಕಡಿದುಹೋಯಿತು. ಆಗ ಹೆಸರು ಹೇಳುವ ಯಂತ್ರಗಳು ತಾವೇ ಜಾಲದಿಂದ ಹಿಂದೆ ಸರಿದವು. ವಿಪರ್ಯಾಸವೆಂದರೆ, ದುರಸ್ತಿಯ ಸಲಕರಣೆಗಳೂ ಅದೇ ವ್ಯವಸ್ಥೆಯನ್ನು ಅವಲಂಬಿಸಿದ್ದವು.

ಅರ್ಥಶಾಸ್ತ್ರ ಓದಿದ ನನಗೆ ಇಲ್ಲಿ ಕಾಣುವುದು ವಿಮೆಯ ಮೂಲತತ್ತ್ವ. ನೂರರಲ್ಲಿ ಒಂದು ಬಾರಿ ಕೆಡಬಹುದಾದ ಮೂರು ಯಂತ್ರಗಳು ಪರಸ್ಪರ ಸ್ವತಂತ್ರವಾಗಿದ್ದರೆ, ಮೂರೂ ಒಟ್ಟಿಗೆ ಕೆಡುವ ಸಂಭವ ಹತ್ತು ಲಕ್ಷದಲ್ಲಿ ಒಂದು. ಆದರೆ ಮೂರಕ್ಕೂ ಒಂದೇ ಸೂಚಿ ವಹಿ ಇದ್ದರೆ, ಆ ವಹಿಯ ಅಪಾಯವೇ ಇಡೀ ಸಮೂಹದ ಅಪಾಯ. ಯಂತ್ರಗಳನ್ನು ಹೆಚ್ಚಿಸಿದ ಮಾತ್ರಕ್ಕೆ ಭದ್ರತೆ ಹೆಚ್ಚದು.

ಪರಿಹಾರಗಳು ದುಬಾರಿಯೇನಲ್ಲ. ಮೊದಲನೆಯದಾಗಿ, ಹೆಸರು ಸೇವೆಯನ್ನು ಪರಸ್ಪರ ಸಂಬಂಧವಿಲ್ಲದ ಎರಡು ಸಂಸ್ಥೆಗಳಿಂದ ಪಡೆಯಬೇಕು. 2016ರ ಅಕ್ಟೋಬರ್ 21ರಂದು ಡಿನ್ ಎಂಬ ಕಂಪನಿಯ ಮೇಲೆ ದಾಳಿಯಾದಾಗ ಅದೊಂದನ್ನೇ ನಂಬಿದ್ದ ತಾಣಗಳು ಕೈಕಟ್ಟಿ ಕೂರಬೇಕಾಯಿತು. ಎರಡನೆಯದಾಗಿ, ಹೊಸ ಉತ್ತರ ಬಾರದಿದ್ದಾಗ ಕೊನೆಯದಾಗಿ ತಿಳಿದ ವಿಳಾಸವನ್ನೇ ಬಳಸುವಂತಿರಬೇಕು. ಇದಕ್ಕೆ 2020ರಲ್ಲೇ ಅಂತರ್ಜಾಲದ ಮಾನಕ ರೂಪುಗೊಂಡಿದೆ. ಮೂರನೆಯದಾಗಿ, ಖಾಲಿ ಪಟ್ಟಿಯನ್ನು ಪ್ರಕಟಿಸಲು ತಂತ್ರಾಂಶ ನಿರಾಕರಿಸಬೇಕು. ಎಲ್ಲಕ್ಕೂ ಮಿಗಿಲಾಗಿ, ವರ್ಷಕ್ಕೊಮ್ಮೆಯಾದರೂ ಹೆಸರು ಸೇವೆಯನ್ನು ಬೇಕೆಂದೇ ನಿಲ್ಲಿಸಿ, ಏನೇನು ನಿಲ್ಲುತ್ತದೆ ಎಂದು ಪರೀಕ್ಷಿಸಬೇಕು.

ಇದು ಕೇವಲ ತಂತ್ರಜ್ಞರ ತಲೆನೋವಲ್ಲ. ಇಂದು ಪಡಿತರ, ಪಿಂಚಣಿ, ಪಹಣಿ ಎಲ್ಲವೂ ಸರ್ವರುಗಳ ಮೂಲಕವೇ ನಡೆಯುತ್ತಿವೆ. ಕಾರಣ ಯಾವುದೇ ಇರಲಿ, 'ಸರ್ವರ್ ಡೌನ್' ಎಂಬ ಎರಡು ಪದ ಪಡಿತರ ಅಂಗಡಿಯ ಮುಂದೆ ನಿಂತ ಕೂಲಿಯಾಳಿನ ಒಂದು ದಿನದ ಸಂಬಳವನ್ನು ನುಂಗುತ್ತದೆ. ಟೆಂಡರ್ ಕರೆಯುವಾಗ ಎಷ್ಟು ಸರ್ವರುಗಳಿವೆ ಎಂದು ಕೇಳುವ ಅಧಿಕಾರಿಗಳು ಇನ್ನೊಂದು ಪ್ರಶ್ನೆಯನ್ನೂ ಕೇಳಲಿ: ಹೆಸರಿನ ವಹಿ ಕೈಗೆ ಸಿಗದ ದಿನ ಅವು ಎಷ್ಟು ಹೊತ್ತು ನಡೆಯಬಲ್ಲವು?