ಮಂಜುಗಡ್ಡೆಯ ಮೇಲೆ ಎಂಟು ಹಾಕಿದವರು

ಗುಂಡ್ಲುಪೇಟೆಯಿಂದ ಬಂಡೀಪುರ, ಮುದುಮಲೈ ದಾಟಿ ಊಟಿಯತ್ತ ಘಾಟಿ ಹತ್ತಿದರೆ, ಡಿಸೆಂಬರ್–ಜನವರಿಯ ಮುಂಜಾನೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗೆ ಹರಡಿರುವುದುಂಟು. ಬಿಸಿಲೇರಿದರೆ ಅದೂ ಮಾಯ. ಚಾಮರಾಜನಗರ ಜಿಲ್ಲೆಯವರು ತಾನಾಗಿ ಹೆಪ್ಪುಗಟ್ಟಿದ ನೀರನ್ನು ನೋಡಬೇಕೆಂದರೆ ಅಷ್ಟು ದೂರ ಹೋಗಬೇಕು. 1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲೂ ಮುಖಕ್ಕೆ ಬಡಿಯುವ ಮಂಜಿದೆಯೇ ಹೊರತು ಕಾಲಿಟ್ಟು ಜಾರುವಂಥದ್ದೇನಿಲ್ಲ. ಬೂಟಿನ ತಳಕ್ಕೆ ಬ್ಲೇಡ್ ಜೋಡಿಸಿ ಮಂಜುಗಡ್ಡೆಯ ಮೇಲೆ ಜಾರುವ ಫಿಗರ್ ಸ್ಕೇಟಿಂಗ್ ಬೆಳೆದದ್ದು ಕೆರೆ, ಕಾಲುವೆಗಳು ಆಳಿನ ಭಾರ ತಡೆಯುವಷ್ಟು ಗಟ್ಟಿಯಾಗುವ ಸೀಮೆಯಲ್ಲಿ.

ಆದರೂ ಅದರ ಆರಂಭದ ಪರೀಕ್ಷೆ ಇಲ್ಲಿಯವರಿಗೆ ತೀರಾ ಹೊಸದಲ್ಲ. ಬೈಕ್ ಲೈಸೆನ್ಸಿಗೆಂದು ಆರ್‌ಟಿಓ ಮೈದಾನಕ್ಕೆ ಹೋದವರು ಕಾಲು ನೆಲಕ್ಕೆ ತಾಗಿಸದೆ ಎಂಟು ಹಾಕುತ್ತಾರಲ್ಲ, ಅಂದಿನ ಸ್ಕೇಟರ್‌ಗಳಿಗೂ ಅದೇ ಕೆಲಸ. ಒಂದು ಸುತ್ತು ಬಲಗಾಲಿನಲ್ಲಿ, ಇನ್ನೊಂದು ಎಡಗಾಲಿನಲ್ಲಿ. ಎಳೆದ ಗೆರೆಯ ಮೇಲೇ ಮತ್ತೆ ಮತ್ತೆ ಹಾಯಬೇಕು. ಮುಗಿದ ಮೇಲೆ ತೀರ್ಪುಗಾರರು ಮಂಜುಗಡ್ಡೆಯ ಮೇಲೆ ಬಗ್ಗಿ, ಕೆಲವೊಮ್ಮೆ ಮಂಡಿಯೂರಿ, ಗೆರೆ ಎಲ್ಲಿ ಉಬ್ಬಿದೆ, ಎಲ್ಲಿ ಕವಲಾಗಿದೆ ಎಂದು ಪರಿಶೀಲಿಸುತ್ತಿದ್ದರು. ಬಹುಪಾಲು ಅಂಕ ಆಟಗಾರನ ಚೆಂದಕ್ಕಲ್ಲ, ಅವನು ಬಿಟ್ಟುಹೋದ ಗುರುತಿಗೆ.

ಈ ಗೆರೆಯ ಗುಟ್ಟು ಬ್ಲೇಡಿನ ತಳದಲ್ಲಿದೆ. ಅಲ್ಲಿ ಉದ್ದಕ್ಕೂ ಸಣ್ಣ ತಗ್ಗು ಕೊರೆದಿರುವುದರಿಂದ ಎರಡು ಅಂಚುಗಳು ಉಳಿಯುತ್ತವೆ. ಸ್ಕೇಟರ್ ಒಂದು ಬದಿಗೆ ವಾಲಿದಾಗ ಒಂದೇ ಅಂಚು ಮಂಜುಗಡ್ಡೆಯನ್ನು ಕಚ್ಚುತ್ತದೆ. ಮಂಜುಗಡ್ಡೆ ಅಡ್ಡಕ್ಕೆ ಒತ್ತಿ ಅವನನ್ನು ವೃತ್ತದ ನಡುವಿನತ್ತ ತಿರುಗಿಸುತ್ತದೆ. ಒಂದೇ ವೇಗದಲ್ಲಿ ಹೆಚ್ಚು ವಾಲಿದಷ್ಟೂ ವೃತ್ತ ಚಿಕ್ಕದು. ಇನ್ನು ಬ್ಲೇಡ್ ಜಾರುವುದೇಕೆ? ಮೈಭಾರದ ಒತ್ತಡಕ್ಕೆ ಮಂಜುಗಡ್ಡೆ ಕರಗುತ್ತದೆ ಎಂದು 1886ರಲ್ಲಿ ಜಾನ್ ಜಾಲಿ ವಿವರಿಸಿದರು. ಪಠ್ಯಪುಸ್ತಕಗಳು ಅದನ್ನೇ ಬಹುಕಾಲ ಹೇಳಿದವು. ಲೆಕ್ಕ ಹಾಕಿದರೆ ಅದು ಸಾಲದು: ಕರಗುವ ಬಿಂದುವನ್ನು ಒಂದು ಡಿಗ್ರಿ ಇಳಿಸಲು ನೂರಕ್ಕೂ ಹೆಚ್ಚು ವಾಯುಭಾರದ ಒತ್ತಡ ಬೇಕು. ಮಂಜುಗಡ್ಡೆಯ ಮೇಲ್ಮೈಯಲ್ಲಿ ತಾನಾಗಿಯೇ ತೆಳುವಾದ ನೀರಿನಂಥ ಪದರ ಇರುತ್ತದೆ ಎಂದು ಮೈಕೆಲ್ ಫ್ಯಾರಡೆ 1850ರಲ್ಲೇ ಊಹಿಸಿದ್ದರು. ಆ ಪದರಕ್ಕೆ ಘರ್ಷಣೆಯ ಬಿಸಿಯೂ ಸೇರುತ್ತದೆ ಎಂಬುದು ಇಂದಿನ ತಿಳಿವಳಿಕೆ.

ಅಮೆರಿಕದ ಜಾಕ್ಸನ್ ಹೇನ್ಸ್ 1860ರ ದಶಕದಲ್ಲಿ ಯೂರೋಪಿಗೆ ಹೋಗಿ, ವಾಲ್ಟ್ಜ್ ಸಂಗೀತಕ್ಕೆ ಸ್ಕೇಟ್ ಮಾಡಿ ವಿಯೆನ್ನಾದ ಜನರನ್ನು ಮರುಳು ಮಾಡಿದ. ಅದೇ ವಿಯೆನ್ನಾದಲ್ಲಿ 1882ರಲ್ಲಿ ದೊಡ್ಡ ಅಂತರರಾಷ್ಟ್ರೀಯ ಸ್ಪರ್ಧೆ ನಡೆಯಿತು. ಗೆದ್ದವನು ಲಿಯೋಪೋಲ್ಡ್ ಫ್ರೈ. ಇಂದು ಜನ ನೆನೆಯುವುದು ಮಾತ್ರ ಮೂರನೆಯವನಾದ ನಾರ್ವೆಯ ಆಕ್ಸೆಲ್ ಪೌಲ್ಸನ್‌ನನ್ನು. ಅವನ ಹೆಸರಿನಿಂದಲೇ ‘ಆಕ್ಸೆಲ್’ ಎನಿಸಿಕೊಂಡ ಜಿಗಿತ ಅದಕ್ಕೆ ಕಾರಣ. ಉಳಿದ ಮುಖ್ಯ ಜಿಗಿತಗಳು ಹಿಮ್ಮುಖವಾಗಿ ಶುರುವಾಗುತ್ತವೆ. ಇವನು ಮುಮ್ಮುಖವಾಗಿ ಹಾರಿ ಹಿಮ್ಮುಖವಾಗಿ ಇಳಿದ. ಹಾಗಾಗಿ ಒಂದೂವರೆ ಸುತ್ತು. ಗಾಳಿಯಲ್ಲಿರುವಾಗ ಕೈಗಳನ್ನು ಎದೆಗೆ ಸೆಳೆದುಕೊಂಡರೆ ತಿರುಗುವ ವೇಗ ಹೆಚ್ಚುತ್ತದೆ, ಏಕೆಂದರೆ ಕೋನೀಯ ಸಂವೇಗ ಬದಲಾಗುವುದಿಲ್ಲ. ಅದೇ ಲೆಕ್ಕವನ್ನು ಕೊನೆಯವರೆಗೂ ಎಳೆದು, 2022ರಲ್ಲಿ ಅಮೆರಿಕದ ಇಲಿಯಾ ಮಲಿನಿನ್ ನಾಲ್ಕೂವರೆ ಸುತ್ತಿನ ಆಕ್ಸೆಲ್ ಹಾರಿ ತೋರಿಸಿದ.

1891ರಲ್ಲಿ ಹ್ಯಾಂಬರ್ಗ್‌ನಲ್ಲಿ ಯೂರೋಪಿಯನ್ ಚಾಂಪಿಯನ್‌ಷಿಪ್ ನಡೆಯಿತು. ಮರುವರ್ಷ ನೆದರ್ಲೆಂಡ್ಸ್‌ನ ಶೆವೆನಿಂಗನ್‌ನಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಹುಟ್ಟಿತು. 1896ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್. ಹೆಸರು ದೊಡ್ಡದು, ಬಂದವರು ನಾಲ್ಕೇ ಜನ. ಜರ್ಮನಿಯ ಗಿಲ್ಬರ್ಟ್ ಫುಕ್ಸ್ ಗೆದ್ದ.

ನಿಯಮ ಬರೆದವರಿಗೆ ಹೆಣ್ಣೊಬ್ಬಳು ಬಂದಾಳೆಂಬುದು ಹೊಳೆದೇ ಇರಲಿಲ್ಲ. ಹಾಗಾಗಿ ಬೇಡವೆಂದೂ ಬರೆದಿರಲಿಲ್ಲ. 1902ರಲ್ಲಿ ಲಂಡನ್ ವಿಶ್ವ ಚಾಂಪಿಯನ್‌ಷಿಪ್‌ಗೆ ಮ್ಯಾಜ್ ಸೈಯರ್ಸ್ ಹೆಸರು ಕೊಟ್ಟರು. ಗಂಡಸರ ನಡುವೆ ಆಡಿ, ಸ್ವೀಡನ್ನಿನ ಉಲ್ರಿಕ್ ಸಾಲ್ಕೊವ್ ಒಬ್ಬರನ್ನು ಬಿಟ್ಟು ಉಳಿದವರೆಲ್ಲರನ್ನೂ ಹಿಂದಿಕ್ಕಿದರು. ಒಕ್ಕೂಟ ಬೆಚ್ಚಿ, ಮುಂದೆ ಹೆಂಗಸರಿಗೆ ಪ್ರವೇಶವಿಲ್ಲ ಎಂದಿತು. ಉದ್ದ ಲಂಗ ಪಾದಗಳನ್ನು ಮುಚ್ಚುತ್ತದೆ, ತೀರ್ಪು ಕಷ್ಟ ಎಂಬುದು ಕೊಟ್ಟ ಕಾರಣಗಳಲ್ಲೊಂದು. ಗೆರೆಗೆ ಅಂಕ ಕೊಡುವ ಆಟದಲ್ಲಿ ಈ ನೆಪ ತಮಾಷೆಯದೇ. ಸೈಯರ್ಸ್ ಮೀನಖಂಡದವರೆಗಷ್ಟೇ ಇಳಿಯುವ ಲಂಗ ತೊಟ್ಟು ಅದಕ್ಕೂ ಉತ್ತರ ಕೊಟ್ಟರು. 1906ರಲ್ಲಿ ದಾವೋಸ್‌ನಲ್ಲಿ ಹೆಂಗಸರಿಗೆಂದೇ ಸ್ಪರ್ಧೆ ಶುರುವಾದಾಗ ಗೆದ್ದವರೂ ಅವರೇ.

ಇಷ್ಟರಲ್ಲಿ ಚಳಿಗಾಗಿ ಕಾಯುವ ಕಷ್ಟವೂ ತಪ್ಪಿತ್ತು. ಕೊಳವೆಗಳಲ್ಲಿ ತಂಪು ದ್ರವ ಹರಿಸಿ ಮಂಜುಗಡ್ಡೆ ಕಟ್ಟುವ ಅಂಕಣವನ್ನು ಜಾನ್ ಗ್ಯಾಮ್ಜಿ 1876ರಲ್ಲೇ ಲಂಡನ್ನಿನಲ್ಲಿ ತೆರೆದಿದ್ದರು. ಆ ತಂತ್ರ ಕೈಗೂಡಿದ್ದರಿಂದಲೇ 1908ರ ಬೇಸಿಗೆ ಒಲಿಂಪಿಕ್ಸ್‌ನಲ್ಲಿ, ಅಕ್ಟೋಬರ್ ತಿಂಗಳಲ್ಲಿ, ಲಂಡನ್ನಿನ ಒಳಾಂಗಣದಲ್ಲಿ ಫಿಗರ್ ಸ್ಕೇಟಿಂಗ್ ನಡೆಯಿತು. ಚಳಿಗಾಲದ ಒಲಿಂಪಿಕ್ಸ್ ಎಂಬುದೇ ಆಗಿನ್ನೂ ಇರಲಿಲ್ಲ; ಅದು ಬಂದದ್ದು 1924ರಲ್ಲಿ, ಶಾಮೊನಿಯಲ್ಲಿ. ಲಂಡನ್ನಿನಲ್ಲಿ ಪುರುಷರ ಚಿನ್ನ ಸಾಲ್ಕೊವ್‌ಗೆ, ಮಹಿಳೆಯರದು ಸೈಯರ್ಸ್‌ಗೆ. ತಾವೇ ಕಲ್ಪಿಸಿದ ಜಟಿಲ ಚಿತ್ರಗಳನ್ನು ಮಂಜುಗಡ್ಡೆಯ ಮೇಲೆ ಬಿಡಿಸುವ ಪ್ರತ್ಯೇಕ ಸ್ಪರ್ಧೆಯಲ್ಲಿ ಗೆದ್ದವರು ರಷ್ಯಾದ ನಿಕೊಲಾಯ್ ಪಾನಿನ್. ಅಂಥ ಸ್ಪರ್ಧೆ ಒಲಿಂಪಿಕ್ಸ್‌ನಲ್ಲಿ ಮತ್ತೆ ನಡೆಯಲಿಲ್ಲ. ಕಡ್ಡಾಯವಾಗಿ ಎಂಟು ಹಾಕುವ ಸುತ್ತು ಮಾತ್ರ ಅಂಕ ಕಳೆದುಕೊಳ್ಳುತ್ತಾ 1990ರವರೆಗೆ ಉಳಿದುಕೊಂಡಿತ್ತು. ಟಿವಿ ನೋಡುವವರಿಗೆ ಜಿಗಿತ ಬೇಕಿತ್ತು. ಗೆರೆಯನ್ನು ಬಗ್ಗಿ ನೋಡುವವರು ತೀರ್ಪುಗಾರರಷ್ಟೇ ಆಗಿದ್ದರು.